ನಿಂತ ಗಾಡಿಯ ನಾಡಿ

ಹಾಸನದ ಕಡೆಯ ತರುಣರೊಬ್ಬರ ಕಾಗದ ಕಳೆದ ವಾರ ನನ್ನ ಮೇಜಿಗೆ ಬಂದಿತು. ತಂದೆಯವರು ಬಿಟ್ಟುಹೋದ 1979ರ ಪ್ರೀಮಿಯರ್ ಪದ್ಮಿನಿ ಕಾರು ಅವರಲ್ಲಿದೆಯಂತೆ. ಬೆಳಗಿನ ತಂಪಿನಲ್ಲಿ ಸೆಲ್ಫು ಮುಟ್ಟಿದೊಡನೆ ಹೊರಡುವ ಆ ಗಾಡಿ, ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ಓಡಿ ಮೈ ಕಾದಮೇಲೆ, ಅದರಲ್ಲಿಯೂ ಏರು ಸಿಕ್ಕಿದರೆ, ಮುಗ್ಗರಿಸಿ ನಿಂತುಬಿಡುತ್ತದೆ. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಒಬ್ಬರು ಕಾರ್ಬುರೇಟರು ಬದಲಾಯಿಸಿದ್ದಾರೆ, ಇನ್ನೊಬ್ಬರು ಪೆಟ್ರೋಲ್ ಪಂಪು ಬದಲಾಯಿಸಿದ್ದಾರೆ, ಮೂರನೆಯವರು, "ಎಂಜಿನ್ನು ಮುಗಿಯಿತು. ರೀಬೋರು ಮಾಡಿಸಿ, ಇಲ್ಲವಾದರೆ ಗುಜರಿಗೆ ಕೊಡಿ" ಎಂದು ತೀರ್ಪು ಕೊಟ್ಟಿದ್ದಾರೆ. ಬರುವ ತಿಂಗಳ ಮೊದಲ ವಾರದಲ್ಲಿ ಎಂಜಿನ್ನನ್ನು ಇಳಿಸುವುದೆಂದು ಮಾತಾಗಿದೆ. ನಿಮ್ಮ ಅಭಿಪ್ರಾಯವೇನು ಎಂದು ಅವರ ಪ್ರಶ್ನೆ.

ಇಳಿಸಬೇಡಿ ಎಂಬುದೇ ನನ್ನ ಅಭಿಪ್ರಾಯ. ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಬಹುದಾಗಿತ್ತು. ಆದರೆ ಈ ಕಾಗದವನ್ನು ಓದುತ್ತಿದ್ದಂತೆ, ಬಹಳ ಹಿಂದೆ ಇದೇ ರೋಗಕ್ಕೆ ನಾನೇ ಕೊಟ್ಟ ಅಭಿಪ್ರಾಯವೊಂದು ನೆನಪಿಗೆ ಬಂದು, ಈ ವಾರದ ಪುಟವನ್ನೆಲ್ಲ ಅದಕ್ಕೇ ಮೀಸಲಿಡಬೇಕೆನ್ನಿಸಿತು.

ಪದ್ಮಿನಿಯ ವಂಶಾವಳಿಯನ್ನು ಬಲ್ಲವರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. 1953ರಲ್ಲಿ ಇಟಲಿಯ ಫಿಯಟ್ ಕಂಪೆನಿ ಹೊರತಂದ 1100 ಎಂಬ ಗಾಡಿಯ ಮಗಳು ಇವಳು. ಮುಂಬಯಿಯ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರಖಾನೆಯಲ್ಲಿ ಬೆಳೆದು, 1974ರಲ್ಲಿ ಪದ್ಮಿನಿ ಎಂಬ ಹೆಸರನ್ನು ಪಡೆದವಳು. ನಾಲ್ಕು ಸಿಲಿಂಡರು, ಒಂದೊಂದರ ವ್ಯಾಸ 68 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು, ಒಟ್ಟು ಗಾತ್ರ 1089 ಘನ ಸೆಂಟಿಮೀಟರು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ದುಡಿದ ಪದ್ಮಿನಿಗಳಲ್ಲಿ ಕಟ್ಟಕಡೆಯದು 2023ರ ಅಕ್ಟೋಬರಿನಲ್ಲಿ ಬೀದಿ ಬಿಟ್ಟಿತು. ಈಗ ಉಳಿದಿರುವುವು ಹೆಚ್ಚಾಗಿ ಇಂಥ ಮನೆಗಳಲ್ಲಿ, ತಂದೆಯ ನೆನಪಾಗಿ, ಅಜ್ಜನ ನೆನಪಾಗಿ.

ಇಂದಿನ ಗಾಡಿ ತನ್ನ ನೋವನ್ನು ತಾನೇ ಅಂಕಿಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ. ಮೇಸ್ತ್ರಿ ತಂತಿ ಸಿಕ್ಕಿಸಿ ಓದಿಕೊಳ್ಳುತ್ತಾನೆ. ಹಳೆಯ ಗಾಡಿಗೆ ಆ ವಿದ್ಯೆ ಇಲ್ಲ. ಅದು ಎಳೆಯ ಮಗುವಿನಂತೆ. ಅಳುವುದೊಂದು ಗೊತ್ತು, ಎಲ್ಲಿ ನೋಯುತ್ತದೆಂದು ಹೇಳಲಾರದು. ಆದರೆ ಅದರ ದೇಹವೂ ಅಷ್ಟೇ ಸರಳ. ಪೆಟ್ರೋಲು ಮತ್ತು ಗಾಳಿ ಹದವಾಗಿ ಬೆರೆತು ಒಳಗೆ ಬರಬೇಕು. ಬಂದದ್ದು ಸೋರಿಹೋಗದೆ ಬಿಗಿಯಾಗಿ ಒತ್ತಲ್ಪಡಬೇಕು. ಒತ್ತಿದ ತಕ್ಕ ಗಳಿಗೆಯಲ್ಲಿ ಬಲವಾದ ಕಿಡಿ ಹಾರಬೇಕು. ಈ ಮೂರೂ ಕೂಡಿದಾಗ ಎಂಜಿನ್ನು ಓಡದೆ ಗತ್ಯಂತರವಿಲ್ಲ. ನಿಂತಿತೆಂದರೆ ಮೂರರಲ್ಲಿ ಒಂದು ತಪ್ಪಿದೆ. ಯಾವುದು ತಪ್ಪಿತೆಂಬುದನ್ನು ನಿಂತ ಆ ಗಳಿಗೆಯಲ್ಲಿಯೇ ನೋಡಬೇಕು. ಜ್ವರ ಇಳಿದ ಮೇಲೆ ಬಂದು ಮೈ ಮುಟ್ಟಿ, ಜ್ವರವೇ ಇಲ್ಲವಲ್ಲ ಎನ್ನುವ ವೈದ್ಯನಿಂದ ಯಾರಿಗೆ ಏನು ಪ್ರಯೋಜನ?

ಇದು ಇಂದು ನಾನು ಹೇಳುವ ಮಾತು. 1988ರಲ್ಲಿ ನನಗೆ ಇದು ತಿಳಿದಿರಲಿಲ್ಲ.

ಆಗ ನನಗೆ ಮೂವತ್ತರ ಆಸುಪಾಸು. ತೀರ್ಥಹಳ್ಳಿಯ ಸಮೀಪದ ಒಂದು ಹಳ್ಳಿಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದರು. ಊರಿಗೆಲ್ಲ ಅವರು ಮೇಷ್ಟ್ರು. ನನಗೂ ಅಕ್ಷರ ಕಲಿಸಿದವರು. ಅವರ ಪತ್ನಿಗೆ ಗುಣವಾಗಲು ಬಹುಕಾಲ ಬೇಡುವ ಕಾಯಿಲೆ. ಮೂರು ವಾರಕ್ಕೊಮ್ಮೆ ಆಗುಂಬೆಯ ಘಾಟಿ ಇಳಿದು ಕರಾವಳಿಯ ಆಸ್ಪತ್ರೆಗೆ ಹೋಗಿಬರಬೇಕಾಗಿತ್ತು. ಬಸ್ಸಿನ ಕುಲುಕಾಟವನ್ನು ಆಕೆ ತಡೆಯಲಾರರೆಂದು ಮೇಷ್ಟ್ರು ಹಳೆಯದೊಂದು ಪದ್ಮಿನಿಯನ್ನು ಕೊಂಡುಕೊಂಡರು. ಇಳಿಯುವಾಗ ಅದು ಸೊಗಸಾಗಿ ಇಳಿಯುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಸೋಮೇಶ್ವರದಿಂದ ಮರಳಿ ಏರುವಾಗ, ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಏಳನೆಯದೋ ಎಂಟನೆಯದೋ ಬರುವ ಹೊತ್ತಿಗೆ ಕೆಮ್ಮಿ, ಕುಪ್ಪಳಿಸಿ, ನಿಂತುಬಿಡುತ್ತಿತ್ತು.

ಗಾಡಿಯ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದವನು ಆ ಊರಿನಲ್ಲಿ ನಾನೊಬ್ಬನೇ. ಆದಕಾರಣ ಒಂದು ಸಲ ನನ್ನನ್ನೂ ಜೊತೆಗೆ ಕರೆದೊಯ್ದರು. ಹೇಳಿದ್ದಂತೆಯೇ ಗಾಡಿ ನಿಂತಿತು. ನಾನು ಬಾನೆಟ್ಟು ಎತ್ತಿ, ಬಿಸಿ ಗಾಳಿ ಮುಖಕ್ಕೆ ಬಡಿದೊಡನೆಯೇ, "ವೇಪರ್ ಲಾಕ್!" ಎಂದು ಸಾರಿದೆ.

ಅದೇನೂ ಹುಚ್ಚು ಮಾತಲ್ಲ. ಪದ್ಮಿನಿಯ ಪೆಟ್ರೋಲ್ ಟ್ಯಾಂಕು ಹಿಂದೆ; ಅದನ್ನು ಎಳೆದುಕೊಳ್ಳುವ ಪಂಪು ಮುಂದೆ, ಕಾದ ಎಂಜಿನ್ನಿನ ಮೈಗೇ ಬಿಗಿದಿರುತ್ತದೆ. ಪೆಟ್ರೋಲಿನ ಹಗುರವಾದ ಅಂಶಗಳು ಬಿಸಿನೀರಿನ ಸ್ನಾನಕ್ಕೆ ಬೇಕಾದಷ್ಟು ಕಾವಿಗೇ ಕುದಿಯತೊಡಗುತ್ತವೆ. ಪಂಪು ಹೀರುವ ಕಡೆಯಲ್ಲಿ ಒತ್ತಡ ಕಡಿಮೆ, ಬೆಟ್ಟದ ಮೇಲೆ ವಾಯುಭಾರವೂ ಕಡಿಮೆ. ಆಗ ಇನ್ನೂ ಬೇಗ ಕುದಿಯುತ್ತವೆ. ದ್ರವವನ್ನು ನೂಕಲೆಂದು ಮಾಡಿದ ಪಂಪಿನ ಡಯಾಫ್ರಮ್ಮು ಆವಿಯನ್ನು ನೂಕಲಾರದೆ ಬರಿದೆ ಬಡಿದುಕೊಳ್ಳುತ್ತದೆ. ಒದ್ದೆ ಬಟ್ಟೆ ಸುತ್ತಿ ಪಂಪನ್ನು ತಣಿಸಿದರೆ ಆವಿ ಮತ್ತೆ ದ್ರವವಾಗಿ ಗಾಡಿ ಹೊರಡುತ್ತದೆ. ಘಟ್ಟದ ಡ್ರೈವರುಗಳಿಗೆಲ್ಲ ಗೊತ್ತಿದ್ದ ವಿದ್ಯೆ ಇದು.

ನಾನೂ ಹಾಗೆಯೇ ಮಾಡಿದೆ. ಪಕ್ಕದ ಝರಿಯ ನೀರಿನಲ್ಲಿ ಟವೆಲ್ಲನ್ನು ಅದ್ದಿ ತಂದು ಪಂಪಿಗೆ ಸುತ್ತಿದೆ. ಬಿಸಿಯಾದಾಗ ಮತ್ತೆ ಅದ್ದಿದೆ, ಮತ್ತೆ ಸುತ್ತಿದೆ. ಅರ್ಧ ಗಂಟೆಯಾಗಿರಬಹುದು; ಸೆಲ್ಫು ಹೊಡೆದರೆ ಗಾಡಿ ಗುರ್ರೆಂದಿತು. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದ ಅಮ್ಮ, "ನೀನಿದ್ದದ್ದಕ್ಕೆ ಆಯಿತಪ್ಪ" ಎಂದರು. ಆ ಮಾತನ್ನು ಕೇಳಿ ನಾನು ಉಬ್ಬಿದ್ದು ಈಗಲೂ ನೆನಪಿದೆ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗಾಡಿ ಹೊರಟದ್ದು ಒದ್ದೆ ಬಟ್ಟೆಯಿಂದಲೋ, ಅರ್ಧ ಗಂಟೆಯಿಂದಲೋ? ನಾನು ಬಟ್ಟೆ ಸುತ್ತದೆ ಬಂಡೆಯ ಮೇಲೆ ಕುಳಿತು ವೀಳ್ಯ ಹಾಕಿಕೊಂಡಿದ್ದರೂ ಅದು ಅರ್ಧ ಗಂಟೆಗೆ ಹೊರಡುತ್ತಿತ್ತಲ್ಲವೆ? ಪ್ರತಿ ಸಲವೂ ಹಾಗೆಯೇ ಹೊರಟಿತ್ತೆಂದು ಮೇಷ್ಟ್ರು ಮೊದಲೇ ಹೇಳಿದ್ದರು. ಈ ಪ್ರಶ್ನೆ ಅಂದು ನನ್ನ ತಲೆಗೆ ಹೊಳೆಯಲಿಲ್ಲ. ಕಾಯುವುದೂ ಮದ್ದೂ ಒಟ್ಟಿಗೆ ನಡೆದಾಗ, ಗುಣವನ್ನೆಲ್ಲ ಮದ್ದಿನ ಲೆಕ್ಕಕ್ಕೆ ಬರೆದುಕೊಂಡೆ.

ಮುಂದಿನ ಸಲ ಸೋಮೇಶ್ವರದಲ್ಲಿಯೇ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಏರಿದೆವು. ಗಾಡಿ ಅದೇ ಎಂಟನೆಯ ತಿರುವಿನಲ್ಲಿ ನಿಂತಿತು. ಅಷ್ಟಕ್ಕೇ ನನ್ನ ರೋಗನಿರ್ಣಯ ಸುಳ್ಳೆಂದು ತಿಳಿಯಬೇಕಾಗಿತ್ತು. ಬದಲಾಗಿ, ಪಂಪೇ ಸೋತಿದೆ ಎಂದು ಹೊಸ ಪಂಪು ಹಾಕಿಸಿದೆ. ಆಮೇಲೆ ಕಾರ್ಬುರೇಟರು ಬಿಚ್ಚಿ ಜೆಟ್ಟುಗಳನ್ನು ಊದಿಸಿದೆ. ಪ್ಲಗ್ಗು ಹೊಸವು, ಪಾಯಿಂಟು ಹೊಸವು. ಒಂದಾದ ಮೇಲೊಂದು ಬದಲಾಯಿಸುತ್ತಾ ಬಂದವನು, ಏನನ್ನೂ ಪರೀಕ್ಷಿಸಲಿಲ್ಲ. ಕೊನೆಗೆ, ಬೆಳಗಿನ ಹೊತ್ತು ಹೊಗೆಯಲ್ಲಿ ಕೊಂಚ ನೀಲಿ ಛಾಯೆ ಕಂಡದ್ದನ್ನು ಹಿಡಿದುಕೊಂಡು, "ಮೇಷ್ಟ್ರೇ, ಎಂಜಿನ್ನೇ ಸವೆದಿದೆ. ರೀಬೋರು ಮಾಡಿಸದೆ ಗತಿಯಿಲ್ಲ" ಎಂದುಬಿಟ್ಟೆ. ಮೇಷ್ಟ್ರು ಒಂದು ಮಾತೂ ಕೇಳಲಿಲ್ಲ. ಸೊಸೈಟಿಯಲ್ಲಿ ಆರು ಸಾವಿರ ರೂಪಾಯಿ ಸಾಲ ತೆಗೆದರು. ಎಂಜಿನ್ನು ಶಿವಮೊಗ್ಗಕ್ಕೆ ಹೋಗಿ, ಕೊರೆಸಿಕೊಂಡು, ಹೊಸ ಪಿಸ್ಟನ್ನು ತೊಟ್ಟು ಬಂದಿತು.

ಹೊಸ ಪಿಸ್ಟನ್ನು ಹೊಸ ರಿಂಗು ಬಿಗಿಯಾಗಿರುತ್ತವೆ. ಘರ್ಷಣೆ ಹೆಚ್ಚು, ಕಾವೂ ಹೆಚ್ಚು. ಜೂನ್ ತಿಂಗಳ ಮೊದಲ ವಾರ, ಮುಂಗಾರು ಹಿಡಿದಿತ್ತು. ಆಸ್ಪತ್ರೆಯಿಂದ ಬರುವಾಗ ಗಾಡಿ ಎಂಟನೆಯ ತಿರುವಿನವರೆಗೂ ಹೋಗಲಿಲ್ಲ, ಐದನೆಯದರಲ್ಲಿಯೇ ನಿಂತಿತು. ಆಗುಂಬೆಯ ಮಳೆ ಎಂಥದೆಂದು ಬಲ್ಲವರೇ ಬಲ್ಲರು. ಕತ್ತಲಾಯಿತು. ಮೂರು ಸಲ ನಿಂತು, ಮೂರು ಸಲ ಕಾದು, ರಾತ್ರಿ ಒಂಬತ್ತು ದಾಟಿದ ಮೇಲೆ ಮೇಲೆ ಬಂದೆವು. ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಯ ಜಗುಲಿಯಲ್ಲಿ ಇಳಿಸಿದಾಗ, "ಇನ್ನು ನಾನು ಕೆಳಗೆ ಹೋಗುವುದಿಲ್ಲ. ಆದದ್ದು ಇಲ್ಲಿಯೇ ಆಗಲಿ" ಎಂದಷ್ಟೇ ಅಂದು ಒಳಗೆ ಹೋದರು. ಹೇಳಿದಂತೆಯೇ ನಡೆದರು. ಆಮೇಲಿನ ಎರಡು ಸರದಿಗೆ ಅವರು ಆಸ್ಪತ್ರೆಗೆ ಹೋಗಲಿಲ್ಲ.

ತೀರ್ಥಹಳ್ಳಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ವೃದ್ಧ ಮೇಸ್ತ್ರಿಯೊಬ್ಬರಿದ್ದರು. ಅವರಲ್ಲಿಗೆ ನಾನು ಹೋದದ್ದು ಗಾಡಿ ಮಾರಲು ಗಿರಾಕಿ ಇದ್ದಾರೆಯೆ ಎಂದು ಕೇಳಲಿಕ್ಕೆ. ಕಥೆಯನ್ನೆಲ್ಲ ಕೇಳಿ, ಬೀಡಿಯನ್ನು ಆರಿಸಿ, ಅವರು ಒಂದೇ ಪ್ರಶ್ನೆ ಹಾಕಿದರು: "ನಿಂತಾಗ ಕಿಡಿ ನೋಡಿದಿರಾ, ರಾಯರೇ?"

ನೋಡಿರಲಿಲ್ಲ. ಆರು ಸಲ ನಿಂತಿತ್ತು. ಆರು ಸಲವೂ ನಾನು ಪೆಟ್ರೋಲಿನ ಕಡೆಗೇ ನೋಡಿದ್ದೆ.

ಅವರು ಗಾಡಿಯನ್ನು ತರಿಸಿಕೊಂಡರು. ಬಾನೆಟ್ಟು ಮುಚ್ಚಿ, ರೇಡಿಯೇಟರಿನ ಮುಂದೆ ಗೋಣಿಚೀಲವನ್ನು ಅರ್ಧ ಇಳಿಬಿಟ್ಟು, ನೀರು ಕುದಿಯದಂತೆ ಕಣ್ಣಿಟ್ಟು, ಎಂಜಿನ್ನನ್ನು ನಿಂತಲ್ಲಿಯೇ ಓಡಿಸಿದರು. ಇಪ್ಪತ್ತು ನಿಮಿಷಕ್ಕೆ ಎಂಜಿನ್ನು ಮುಗ್ಗರಿಸಿತು, ಸೈಲೆನ್ಸರಿನಲ್ಲಿ ಒಂದೆರಡು ಸಲ ಢಬ್ಬೆಂದಿತು, ನಿಂತಿತು. ಘಟ್ಟವನ್ನು ತಮ್ಮ ಅಂಗಳಕ್ಕೇ ಕರೆಸಿಕೊಂಡಿದ್ದರು ಮೇಸ್ತ್ರಿ! ಕೂಡಲೆ ಡಿಸ್ಟ್ರಿಬ್ಯೂಟರಿನ ನಡುವಿನ ದಪ್ಪ ವಯರನ್ನು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದಿಂದ ಕಾಲಂಗುಲ ದೂರದಲ್ಲಿ ಹಿಡಿದು, ನನಗೆ ಸೆಲ್ಫು ಹೊಡೆಯಲು ಹೇಳಿದರು. ಹಾರಿದ್ದು ನೂಲಿನಂಥ ಹಳದಿ ಕಿಡಿ. ಅದೂ ಒಂದು ಹಾರಿದರೆ ಎರಡು ತಪ್ಪಿಹೋಗುತ್ತಿತ್ತು. ಮುಚ್ಚಳ ತೆಗೆದು ಪಾಯಿಂಟನ್ನು ಸ್ಕ್ರೂಡ್ರೈವರಿನಿಂದ ತೆರೆದು ಮುಚ್ಚಿದಾಗ ಅಲ್ಲಿ ನೀಲಿಯ ದಪ್ಪ ಉರಿ ಕಂಡಿತು. ಇರಬೇಕಾದ ಕಡೆ ಕಿಡಿ ಇಲ್ಲ. ಇರಬಾರದ ಕಡೆ ಇದೆ.

ಡಿಸ್ಟ್ರಿಬ್ಯೂಟರಿನ ಮಗ್ಗುಲಲ್ಲಿ ಬೆರಳಿನ ತುದಿಯಷ್ಟು ದೊಡ್ಡ ತಗಡಿನ ಡಬ್ಬಿಯೊಂದಿರುತ್ತದೆ, ಅದೇ ಕಂಡೆನ್ಸರು. ಮೇಸ್ತ್ರಿ ಅದರ ವಯರನ್ನು ಬಿಡಿಸಿ, ತಮ್ಮ ಹಳೆಯ ಸಾಮಾನಿನ ಡಬ್ಬಿಯಿಂದ ಬೇರೊಂದನ್ನು ತೆಗೆದು, ಹೊರಗಿನಿಂದಲೇ ತಂತಿ ಕೊಟ್ಟು ಕಟ್ಟಿದರು. ಎಂಜಿನ್ನು ಇನ್ನೂ ಮುಟ್ಟಲಾರದಷ್ಟು ಬಿಸಿ. ನಿಂತು ಐದು ನಿಮಿಷವೂ ಆಗಿರಲಿಲ್ಲ. "ಈಗ ಹೊಡೀರಿ" ಎಂದರು. ಗಾಡಿ ಒಂದೇ ಸಲಕ್ಕೆ ಹೊರಟಿತು.

ಒದ್ದೆ ಬಟ್ಟೆಗೂ ಈ ಪರೀಕ್ಷೆಗೂ ಇರುವ ಅಂತರವನ್ನು ಗಮನಿಸಿ. ಇಲ್ಲಿ ಅರ್ಧ ಗಂಟೆಯ ಸಹಾಯವಿಲ್ಲ. ಬಿಸಿ ಹಾಗೆಯೇ ಇದೆ, ಪಂಪು ಹಾಗೆಯೇ ಇದೆ, ಪೆಟ್ರೋಲು ಹಾಗೆಯೇ ಇದೆ. ಬದಲಾದದ್ದು ಒಂದೇ ಒಂದು ವಸ್ತು, ಹನ್ನೆರಡು ರೂಪಾಯಿಯದು.

ಅಷ್ಟು ಸಣ್ಣ ಡಬ್ಬಿ ಅಷ್ಟು ದೊಡ್ಡ ಗಾಡಿಯನ್ನು ಹೇಗೆ ನಿಲ್ಲಿಸುತ್ತದೆಂಬ ಸಂದೇಹ ಅನೇಕರಿಗಿರಬಹುದು. ಬ್ಯಾಟರಿಯ 12 ವೋಲ್ಟು ಕಿಡಿ ಹಾರಿಸಲಾರದು. ಅದಕ್ಕೆ ಹತ್ತು ಸಾವಿರ ವೋಲ್ಟಿನ ಮೇಲೆ ಬೇಕು. ಇಗ್ನಿಷನ್ ಕಾಯಿಲಿನೊಳಗೆ ಎರಡು ಸುರುಳಿಗಳಿವೆ. ಒಂದು ನೂರಾರು ಸುತ್ತಿನ ದಪ್ಪ ತಂತಿ, ಇನ್ನೊಂದು ಸಾವಿರಾರು ಸುತ್ತಿನ ಸಣ್ಣ ತಂತಿ. ಪಾಯಿಂಟು ಮುಚ್ಚಿರುವಾಗ ದಪ್ಪ ಸುರುಳಿಯಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಪಾಯಿಂಟು ತೆರೆದೊಡನೆ ಆ ಕ್ಷೇತ್ರ ಕುಸಿಯುತ್ತದೆ; ಕುಸಿತ ಎಷ್ಟು ಥಟ್ಟನೆ ಆದರೆ ಸಣ್ಣ ಸುರುಳಿಯಲ್ಲಿ ಅಷ್ಟು ಹೆಚ್ಚಿನ ವೋಲ್ಟು ಹುಟ್ಟುತ್ತದೆ. ಆದರೆ ಹರಿಯುತ್ತಿದ್ದ ವಿದ್ಯುತ್ತು ಸುಲಭವಾಗಿ ನಿಲ್ಲುವ ಜಾತಿಯದಲ್ಲ. ತೆರೆದ ಪಾಯಿಂಟಿನ ಸಂದನ್ನು ಹಾರಿಯಾದರೂ ಹರಿಯಲು ನೋಡುತ್ತದೆ. ಆಗ ಕುಸಿತ ನಿಧಾನವಾಗುತ್ತದೆ, ಕಿಡಿ ಬಡವಾಗುತ್ತದೆ, ಪಾಯಿಂಟು ಸುಡುತ್ತದೆ. ಕಂಡೆನ್ಸರು ಪಾಯಿಂಟಿನ ಪಕ್ಕದಲ್ಲಿ ನಿಂತು, ಆ ಗಳಿಗೆಯ ವಿದ್ಯುತ್ತನ್ನು ತನ್ನೊಳಗೆ ಹೀರಿಕೊಂಡು, ಕುಸಿತವನ್ನು ಥಟ್ಟನೆ ಆಗಗೊಡುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಈ ಕೆಲಸ ನಡೆಯಬೇಕು.

ಡಬ್ಬಿಯ ಒಳಗಿರುವುದು ಎರಡು ಲೋಹದ ಹಾಳೆ, ನಡುವೆ ಕಾಗದ; ಮೂರನ್ನೂ ಸುತ್ತಿ ತುದಿಗೆ ತಂತಿ ಕೊಟ್ಟಿರುತ್ತಾರೆ. ವಯಸ್ಸಾದ ಮೇಲೆ ಆ ತಂತಿಯ ಕೂಡಿಕೆ ಸಡಿಲವಾಗುತ್ತದೆ. ಕಾದಾಗ ಹಿಗ್ಗಿ ಬಿಟ್ಟುಕೊಳ್ಳುತ್ತದೆ. ತಣಿದಾಗ ಮತ್ತೆ ತಾಗುತ್ತದೆ. ಆದ್ದರಿಂದಲೇ ಗ್ಯಾರೇಜಿನಲ್ಲಿ ಬೆಳಿಗ್ಗೆ ಪರೀಕ್ಷಿಸಿದರೆ ಅದು ನಿರಪರಾಧಿ. ಇಗ್ನಿಷನ್ ಕಾಯಿಲೂ ಇದೇ ರೀತಿ ಬಿಸಿಯಲ್ಲಿ ಸೋತು ತಂಪಿನಲ್ಲಿ ಚೇತರಿಸಿಕೊಳ್ಳುವುದುಂಟು.

ಮತ್ತೆ ಏರಿನಲ್ಲಿಯೇ ಏಕೆ? ಏರುವಾಗ ಆಕ್ಸಿಲರೇಟರನ್ನು ಪೂರಾ ಒತ್ತಿರುತ್ತೇವೆ. ಸಿಲಿಂಡರಿನೊಳಗೆ ತುಂಬ ಗಾಳಿ ಬಂದು ಒತ್ತಡ ಹೆಚ್ಚಾಗಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಸಮತಟ್ಟು ರಸ್ತೆಯಲ್ಲಿ ಹೇಗೋ ಸಾಗಿಸುತ್ತಿದ್ದ ಬಡಕಿಡಿ ಘಟ್ಟದಲ್ಲಿ ಕೈಬಿಡುತ್ತದೆ. ವೇಪರ್ ಲಾಕಿಗೂ ಬಿಸಿ ಬೇಕು, ಏರು ಬೇಕು, ಅರ್ಧ ಗಂಟೆಯ ವಿಶ್ರಾಂತಿ ಬೇಕು. ಎರಡು ರೋಗಗಳು ಒಂದೇ ವೇಷ ಹಾಕಿಕೊಂಡು ಬರುತ್ತವೆ. ಹೊರಗಿನಿಂದ ನೋಡಿ ಹೇಳುತ್ತೇನೆನ್ನುವವನು ನನ್ನಂತೆ ಮೋಸಹೋಗುತ್ತಾನೆ.

ಆದುದರಿಂದ ಹಾಸನದ ಮಿತ್ರರು ಮಾಡಬೇಕಾದುದು ಇಷ್ಟು. ಗಾಡಿ ನಿಂತೊಡನೆ, ಅದು ತಣಿಯುವ ಮೊದಲು, ಮೊದಲಿಗೆ ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿ ಕಿವಿಗೊಡಲಿ. ಉಸ್ಸೆಂದು ಗಾಳಿ ಒಳಗೆ ನುಗ್ಗಿದರೆ, ಟ್ಯಾಂಕಿಗೆ ಗಾಳಿಯಾಡುವ ದಾರಿ ಮುಚ್ಚಿಹೋಗಿದೆಯೆಂದು ಅರ್ಥ. ಪೆಟ್ರೋಲು ಕಡಿಮೆಯಾಗುತ್ತಾ ಹೋದಂತೆ ಒಳಗೆ ಶೂನ್ಯ ಬೆಳೆದು, ಪಂಪು ಎಳೆದರೂ ಬಾರದ ಸ್ಥಿತಿ ಬರುತ್ತದೆ. ಒಂದು ಸೂಜಿಯಿಂದ ವಾಸಿಯಾಗುವ ಈ ರೋಗಕ್ಕೆ ಪಂಪು ಬದಲಾಯಿಸಿದವರನ್ನು ನಾನು ಬಲ್ಲೆ.

ಮುಚ್ಚಳ ಸುಮ್ಮನಿದ್ದರೆ ಅದನ್ನು ಭದ್ರವಾಗಿ ಹಾಕಿ, ಕಿಡಿಯನ್ನು ನೋಡಲಿ. ಪೆಟ್ರೋಲಿನ ಯಾವ ಕೊಳವೆಯನ್ನೂ ಬಿಚ್ಚುವ ಮೊದಲೇ ಕಿಡಿ ನೋಡಬೇಕು. ಹಿಂದುಮುಂದಾದರೆ ಸೋರಿದ ಪೆಟ್ರೋಲಿಗೆ ಕಿಡಿ ತಾಗಿ, ಮನೆಗೆ ಬರುವುದು ಗಾಡಿಯ ಬೂದಿ. ವಯರನ್ನು ಬರಿಗೈಯಲ್ಲಿ ಹಿಡಿಯದೆ, ರಬ್ಬರಿನ ಹಿಡಿಯಿರುವ ಇಕ್ಕುಳದಲ್ಲಿ ಹಿಡಿದು, ಎಂಜಿನ್ನಿನ ಮೈಯಿಂದ ಆರು ಮಿಲಿಮೀಟರಿನಷ್ಟು ದೂರದಲ್ಲಿರಿಸಿ, ಇನ್ನೊಬ್ಬರಿಂದ ಸೆಲ್ಫು ಹೊಡೆಸಬೇಕು. ಚಟಚಟನೆ ಸದ್ದುಮಾಡುವ ನೀಲಿ ಕಿಡಿ ಬಿಡದೆ ಹಾರಿದರೆ ವಿದ್ಯುತ್ತಿನ ಕಡೆ ಬಹುಮಟ್ಟಿಗೆ ಸರಿಯಾಗಿದೆ. ಹಳದಿಯೋ ಕೆಂಪೋ ಆಗಿ ಬಡಕಲಾಗಿದ್ದರೆ, ಅಥವಾ ಏನೂ ಇಲ್ಲದಿದ್ದರೆ, ಅಲ್ಲಿಯೇ ಬೇರೊಂದು ಕಂಡೆನ್ಸರು ಕಟ್ಟಿ ನೋಡಬೇಕು. ಅದಕ್ಕೂ ಜಗ್ಗದಿದ್ದರೆ ಬೇರೊಂದು ಕಾಯಿಲು. ಎರಡನ್ನೂ ಒಟ್ಟಿಗೆ ಬದಲಾಯಿಸಕೂಡದು. ಒಟ್ಟಿಗೆ ಬದಲಾಯಿಸಿದರೆ ಗಾಡಿ ಹೊರಡಬಹುದು, ಆದರೆ ತಪ್ಪಿತಸ್ಥ ಯಾರೆಂದು ತಿಳಿಯುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಹೊಸ ಕಂಡೆನ್ಸರು ಎಂದಮಾತ್ರಕ್ಕೆ ಅದು ಒಳ್ಳೆಯದೆಂದೂ ನಂಬಬಾರದು. ಹೊಸದರಲ್ಲಿಯೇ ಸತ್ತವು ಎಷ್ಟೋ ನನ್ನ ಕೈಗೆ ಬಂದಿವೆ. ಓಡುತ್ತಿರುವ ಗಾಡಿಯಿಂದ ಬಿಚ್ಚಿದ ಹಳೆಯದೇ ಪರೀಕ್ಷೆಗೆ ಲೇಸು.

ಕಿಡಿ ನೀಲಿಯಾಗಿಯೇ ಇದ್ದರೆ ಆಗ ಪೆಟ್ರೋಲಿನ ಸರದಿ. ಇಗ್ನಿಷನ್ ಕಾಯಿಲಿನ ವಯರು ಬಿಡಿಸಿ ಕಿಡಿ ಹಾರದಂತೆ ಮಾಡಿ, ಕಾರ್ಬುರೇಟರಿಗೆ ಬರುವ ಕೊಳವೆಯ ತುದಿಯನ್ನು ಬಿಚ್ಚಿ ಒಂದು ಸೀಸೆಯೊಳಗಿಟ್ಟು, ಸೆಲ್ಫು ಹೊಡೆದರೆ ಪೆಟ್ರೋಲು ಪಿಚಕಾರಿಯಂತೆ ಬಿಟ್ಟುಬಿಟ್ಟು ಚಿಮ್ಮಬೇಕು. ನೊರೆ ಬಂದರೆ, ಇಲ್ಲವೆ ಏನೂ ಬಾರದಿದ್ದರೆ, ಆಗ ವೇಪರ್ ಲಾಕೆಂದೋ ಪಂಪಿನ ದೋಷವೆಂದೋ ಹೇಳುವ ಅಧಿಕಾರ ನಮಗೆ ಬರುತ್ತದೆ. ನಿಲ್ಲುವ ರೀತಿಯಲ್ಲಿಯೂ ಒಂದು ಸೂಚನೆಯುಂಟು. ಪೆಟ್ರೋಲು ಸಾಲದೆ ನಿಲ್ಲುವ ಗಾಡಿ ಎಣ್ಣೆ ತೀರಿದ ದೀಪದಂತೆ ಎದ್ದು ಬಿದ್ದು ನಿಧಾನವಾಗಿ ಆರುತ್ತದೆ. ವಿದ್ಯುತ್ತು ತಪ್ಪಿ ನಿಲ್ಲುವುದು ಬಹುಪಾಲು ಒಮ್ಮೆಗೇ, ಇಲ್ಲವೆ ಸೈಲೆನ್ಸರಿನಲ್ಲಿ ಗುಂಡು ಹೊಡೆದು. ಇದು ಸೂಚನೆ ಮಾತ್ರ, ಸಾಕ್ಷಿಯಲ್ಲ.

ಹಿಂದಿನ ಕಾಲಕ್ಕಿಲ್ಲದ ಒಂದು ಸಂಗತಿಯನ್ನೂ ಹೇಳಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭದಲ್ಲಿಯೇ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲು ದೇಶದಲ್ಲಿ ಬಿಡುಗಡೆಯಾಯಿತು. 2025ರ ಹೊತ್ತಿಗೆ ಅದೇ ಎಲ್ಲೆಡೆಯೂ ವಾಡಿಕೆಯಾಯಿತು. ಪದ್ಮಿನಿ ಹುಟ್ಟಿದಾಗ ಅವಳ ರಬ್ಬರಿನ ಕೊಳವೆಗಳಿಗೂ ಪಂಪಿನ ಡಯಾಫ್ರಮ್ಮಿಗೂ ಈ ಸಾರಾಯಿಯ ಪರಿಚಯವಿರಲಿಲ್ಲ. ಹಳೆಯ ರಬ್ಬರು ಇದರಲ್ಲಿ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ. ಟ್ಯಾಂಕಿನ ತಳದ ಬಹುಕಾಲದ ಗಷ್ಟು ಕರಗಿ ಬಂದು ಜೆಟ್ಟಿಗೆ ಕೂರುತ್ತದೆ. ಎಥನಾಲು ನೀರನ್ನು ಎಳೆದುಕೊಳ್ಳುವ ಸ್ವಭಾವದ್ದಾದ್ದರಿಂದ, ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ನೀರು ಸೇರಿ ತಳಕ್ಕೆ ಬೇರ್ಪಟ್ಟು ನಿಲ್ಲುವುದೂ ಉಂಟು. ಹಳೆಯ ಅಳತೆಯ ಜೆಟ್ಟಿಗೆ ಮಿಶ್ರಣ ಕೊಂಚ ಪೆಟ್ರೋಲು ಸಾಲದಂತಾಗುತ್ತದೆ. ಪ್ಲಗ್ಗು ಬಿಚ್ಚಿ ನೋಡಿದರೆ ಇರಬೇಕಾದ ಬಿಸ್ಕತ್ತಿನ ಬಣ್ಣದ ಬದಲು ಸುಣ್ಣದ ಬಿಳುಪು ಕಾಣುತ್ತದೆ. ಕೊಳವೆಗಳನ್ನು ಎಥನಾಲು ತಡೆಯುವ ಜಾತಿಯವುಗಳಿಗೆ ಬದಲಾಯಿಸುವುದು ಹೇಗಿದ್ದರೂ ಒಳ್ಳೆಯದು. ಸೋರುವ ಕೊಳವೆಯೊಂದು ಕಾದ ಎಂಜಿನ್ನಿನ ಮೇಲೆ ತೊಟ್ಟಿಕ್ಕುವ ಅಪಾಯವನ್ನು ವಿವರಿಸಬೇಕಾಗಿಲ್ಲ.

ಇನ್ನು ರೀಬೋರಿನ ಮಾತು. ಸವೆದ ಎಂಜಿನ್ನು ಬೆಳಿಗ್ಗೆಯೂ ಸವೆದೇ ಇರುತ್ತದೆ. ತಣ್ಣಗಿದ್ದಾಗ ಒಂದೇ ಸಲಕ್ಕೆ ಹೊರಟು, ಅರ್ಧ ಗಂಟೆ ವಿಶ್ರಾಂತಿ ಪಡೆದರೆ ಯೌವನ ಮರಳಿ ಬರುವ ಸವಕಳಿಯನ್ನು ನಾನು ಕಂಡಿಲ್ಲ. ಆದರೂ ಸಂದೇಹವಿದ್ದರೆ ಕಂಪ್ರೆಷನ್ ಗೇಜು ಎಂಬ ಸಣ್ಣ ಯಂತ್ರವಿದೆ. ಎಂಜಿನ್ನು ಬೆಚ್ಚಗಿರುವಾಗ ನಾಲ್ಕೂ ಪ್ಲಗ್ಗು ತೆಗೆದು, ಆಕ್ಸಿಲರೇಟರು ಪೂರಾ ಒತ್ತಿ, ಒಂದೊಂದು ಸಿಲಿಂಡರನ್ನೂ ಅಳೆಯಬೇಕು. ನಾಲ್ಕೂ ಅಂಕಿಗಳು ನೂರಕ್ಕೆ ಹತ್ತರ ಅಂತರದೊಳಗಿದ್ದು, ಕೈಪಿಡಿಯಲ್ಲಿ ಹೇಳಿದ್ದಕ್ಕೆ ಬಹಳ ಕೆಳಗಿಲ್ಲದಿದ್ದರೆ ಎಂಜಿನ್ನಿಗೆ ನಮಸ್ಕಾರ ಮಾಡಿ ಪ್ಲಗ್ಗು ಹಾಕಬಹುದು. ಯಾವುದೋ ಒಂದು ಕೆಳಗಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲು ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ಆಯಿಲು ರಿಂಗಿನ ಸಂದನ್ನು ಮುಚ್ಚಿತೆಂದು ಅರ್ಥ. ದೋಷ ರಿಂಗಿನಲ್ಲೋ ಸಿಲಿಂಡರಿನ ಗೋಡೆಯಲ್ಲೋ ಇದೆ. ಏರದಿದ್ದರೆ ದೋಷ ವಾಲ್ವಿನಲ್ಲಿ. ಅದಕ್ಕೆ ಹೆಡ್ಡು ಬಿಚ್ಚಿದರೆ ಸಾಕು, ಎಂಜಿನ್ನಿಳಿಸಬೇಕಾಗಿಲ್ಲ. ಒಮ್ಮೆ ಕೊರೆದ ಲೋಹ ಮತ್ತೆ ಬೆಳೆಯುವುದಿಲ್ಲ. 68 ಮಿಲಿಮೀಟರಿನ ಗೋಡೆಯನ್ನು ಕೆಲವೇ ಸಲ, ಕೂದಲೆಳೆ ಕೂದಲೆಳೆಯಾಗಿ ಕೊರೆಯಬಹುದು. ಹೊಸ ಬ್ಲಾಕು ಎರಕ ಹೊಯ್ಯುವವರು ಈಗ ಯಾರೂ ಇಲ್ಲದಿರುವಾಗ, ಸುಳ್ಳು ರೋಗಕ್ಕೆ ಒಂದು ಕೊರೆತವನ್ನು ಖರ್ಚುಮಾಡುವುದೆಂದರೆ ಗಾಡಿಯ ಆಯುಸ್ಸಿನಲ್ಲಿ ಒಂದು ಪಾಲನ್ನು ಕೊಟ್ಟಂತೆ.

ಮೇಷ್ಟ್ರ ಗಾಡಿ ಆಮೇಲೆ ಘಟ್ಟದಲ್ಲಿ ನಿಲ್ಲಲಿಲ್ಲ. ಅಮ್ಮನನ್ನು ಒಪ್ಪಿಸಲು ಮೇಷ್ಟ್ರು ಒಂದು ವಾರ ಹೆಣಗಿದರು. ಬರಿಗಾಡಿಯನ್ನು ಎರಡು ಸಲ ಘಾಟಿ ಹತ್ತಿಸಿ ಇಳಿಸಿ ತೋರಿಸಿದ ಮೇಲೆ ಆಕೆ ಹೊರಟರು. ತಪ್ಪಿದ ಎರಡು ಸರದಿಯಿಂದ ಏನಾಯಿತು, ಏನಾಗಲಿಲ್ಲ ಎಂದು ಯಾವ ವೈದ್ಯರೂ ಹೇಳಲಾರರು. ಮುಂದೆ ಅವರು ನಾಲ್ಕು ವರ್ಷ ಬದುಕಿದ್ದರು. ರೀಬೋರಿನ ಹಣದಲ್ಲಿ ಅರ್ಧವನ್ನಾದರೂ ನಾನು ಕೊಡುತ್ತೇನೆಂದು ಹೋದಾಗ ಮೇಷ್ಟ್ರು ಕವರನ್ನು ತೆರೆಯದೆಯೇ ನನ್ನ ಜೇಬಿನಲ್ಲಿ ಹಾಕಿ, "ಲೆಕ್ಕ ತಪ್ಪಿದ ಹುಡುಗನ ಕೈಯಲ್ಲಿ ಮತ್ತೆ ಲೆಕ್ಕ ಮಾಡಿಸುವುದು ನನಗೆ ರೂಢಿ, ದಂಡ ಹಾಕುವುದು ರೂಢಿಯಿಲ್ಲ" ಎಂದರು. ಆ ಹಳೆಯ ಕಂಡೆನ್ಸರು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಹಾಸನದ ಮಿತ್ರರು ಎಂಜಿನ್ನಿಳಿಸುವ ಮಾತನ್ನು ಒಂದು ತಿಂಗಳು ಮುಂದೂಡಲಿ. ಒಂದು ಬಿಸಿಲಿನ ಮಧ್ಯಾಹ್ನ, ಸೆಲ್ಫು ಹೊಡೆಯಲು ಒಬ್ಬರನ್ನು ಜೊತೆಗೆ ಕರೆದುಕೊಂಡು, ಇಕ್ಕುಳ, ಒಂದು ಸೀಸೆ, ಒಂದು ಒಳ್ಳೆಯ ಕಂಡೆನ್ಸರು ಮತ್ತು ಎರಡು ಮೊಳ ತಂತಿಯೊಡನೆ ಏರಿರುವ ದಾರಿಯಲ್ಲಿ ಹೊರಡಲಿ. ಗಾಡಿ ನಿಂತಾಗ ಹಾರಿದ ಕಿಡಿಯ ಬಣ್ಣವೇನೆಂದು ನನಗೆ ಬರೆದು ತಿಳಿಸಲಿ. ಬಂದ ಉತ್ತರವನ್ನು ಈ ಪುಟದಲ್ಲಿಯೇ ಪ್ರಕಟಿಸುತ್ತೇನೆ.